ಕಡಲಿಗೆ ಮುಖಮಾಡಿದ ಹೋಟೆಲು

ನಮ್ಮ ಕರಾವಳಿಯ ಜಗಲಿಗಳಲ್ಲಿ ಕುರ್ಚಿ ಹಾಕುವುದಕ್ಕೊಂದು ರೂಢಿಯಿದೆ. ಯಾರೂ ಹೇಳಿಕೊಟ್ಟದ್ದಲ್ಲ, ಆದರೂ ಯಾರೂ ತಪ್ಪುವುದಿಲ್ಲ. ಕುರ್ಚಿಯ ಮುಖ ದಾರಿಯ ಕಡೆಗೇ ಇರಬೇಕು. ಒಂದು ಪಕ್ಕದಲ್ಲಿ ಗದ್ದೆ ಎಷ್ಟೇ ಹಸುರಾಗಿ ತೂಗಾಡುತ್ತಿರಲಿ, ಇನ್ನೊಂದು ಪಕ್ಕದಲ್ಲಿ ದಾಸವಾಳ ಎಷ್ಟೇ ಕೆಂಪಗೆ ಅರಳಿರಲಿ, ಕೂತವರಿಗೆ ಕಾಣಬೇಕಾದದ್ದು ದಾರಿಯಲ್ಲಿ ಹೋಗುವವರು ಯಾರು, ಯಾರ ಮನೆಗೆ ಹೊರಟಿದ್ದಾರೆ, ಕೈಚೀಲ ತುಂಬಿದ್ದು ಹೋಗುವಾಗಲೋ ಬರುವಾಗಲೋ ಎಂಬ ಮಹತ್ತರ ಸಂಗತಿಗಳು. ಕಾರ್ಕಳದ ನಮ್ಮ ಮನೆಗೆ ಒಮ್ಮೆ ಸುಣ್ಣ ಹೊಡೆಯಲು ಬಂದವರು ಅಪ್ಪನ ಬೆತ್ತದ ಕುರ್ಚಿಯನ್ನು ತಿರುಗಿಸಿ ಇಟ್ಟು ಹೋಗಿದ್ದರು. ಅಪ್ಪ ಬಂದು ಅದರಲ್ಲಿ ಕೂತು, ಎದುರಿನ ಗುಡ್ಡವನ್ನು ಸ್ವಲ್ಪ ಹೊತ್ತು ನೋಡಿ, ಯಾರೋ ಕಣ್ಣು ಕಟ್ಟಿದ ಹಾಗೆ ಚಡಪಡಿಸಿ, ಕುರ್ಚಿಯನ್ನು ಮೊದಲಿನಂತೆ ಇಟ್ಟುಕೊಂಡ ಮೇಲೆಯೇ ಕಾಫಿ ಕೇಳಿದ್ದು. ನಿಮ್ಮ ಮನೆಯಲ್ಲೂ ಹಾಗೆಯೇ ಇದ್ದೀತು. ನಂಬಿಕೆ ಬಾರದಿದ್ದರೆ ಎದ್ದು ಹೋಗಿ ನೋಡಿ ಬನ್ನಿ, ನಾನು ಕಾಯುತ್ತೇನೆ.

ಕುರ್ಚಿಯ ವಿಷಯ ಏಕೆ ತೆಗೆದೆನೆಂದರೆ, ಈ ರೂಢಿಯೊಂದನ್ನು ಮರೆತು ಒಬ್ಬರು ಇಡೀ ಒಂದು ಹೋಟೆಲು ಕಟ್ಟಿದರು. ಆ ಕತೆಗೆ ಹೋಗುವ ಮೊದಲು ನನ್ನದೊಂದು ಗೀಳನ್ನು ಹೇಳಿಬಿಡಬೇಕು. ಬಾಗಿಲು ಹಾಕಿದ ಅಂಗಡಿ, ಸದ್ದು ನಿಂತ ಕಾರ್ಖಾನೆ, ಆಟ ಮುಗಿಸಿದ ಟಾಕೀಸು ಕಣ್ಣಿಗೆ ಬಿದ್ದರೆ ಒಳಗೊಮ್ಮೆ ಇಣುಕದೆ ಮುಂದೆ ಹೋಗಲು ನನಗೆ ಕಾಲು ಬರುವುದಿಲ್ಲ. ಇದು ಶುರುವಾದದ್ದು ಕಾರ್ಕಳದಲ್ಲಿ, ಶಾಲೆಗೆ ಹೋಗುವ ದಾರಿಯ ಒಂದು ಮುಚ್ಚಿದ ಗೋಲಿಸೋಡಾ ಅಂಗಡಿಯಿಂದ. ಅದರ ಹಲಗೆ ಬಾಗಿಲಿನ ಸಂದಿಗೆ ಕಣ್ಣಿಟ್ಟರೆ ಒಳಗಿನ ಮಬ್ಬಿನಲ್ಲಿ ಧೂಳು ಹಿಡಿದ ಹಸಿರು ಬಾಟ್ಲಿಗಳು ಸಾಲಾಗಿ ನಿಂತಿರುವುದು ಕಾಣುತ್ತಿತ್ತು, ಯಾರಾದರೂ ಬಂದು ಹಾಜರಿ ಕರೆದಾರೆಂದು ಕಾಯುವ ಮಕ್ಕಳ ಹಾಗೆ. ಮುಂದೆ ಉಡುಪಿಯಲ್ಲಿ ಓದುವಾಗ ಗೆಳತಿಯರು ಭಾನುವಾರ ಸಿನೆಮಾಕ್ಕೆ ಹೊರಟರೆ ನಾನು ಹೊಳೆಬದಿಯ ಪಾಳುಬಿದ್ದ ಹಂಚಿನ ಕಾರ್ಖಾನೆಯೊಂದನ್ನು ನೋಡಲು ಹೊರಡುತ್ತಿದ್ದೆ. ಅವರಿಗೆ ನನ್ನ ತಲೆಯ ಬಗ್ಗೆ ಆಗಲೇ ಅನುಮಾನ ಬಂದಿತ್ತು.

ಜನ ಬಿಟ್ಟ ಮನೆಗೂ ಜನ ಬಿಟ್ಟ ಅಂಗಡಿಗೂ ವ್ಯತ್ಯಾಸವಿದೆ, ಗಮನಿಸಿದ್ದೀರಾ? ಮನೆಯೊಂದು ಹಾಳುಬಿದ್ದರೆ ಅದು ಆ ಮನೆಯವರ ದುಃಖ. ಊರು ದನಿ ತಗ್ಗಿಸಿ ಮಾತಾಡುತ್ತದೆ. ಹೋಟೆಲೋ ಟಾಕೀಸೋ ನಿಂತುಹೋದರೆ ಹಾಗಲ್ಲ. ಅಲ್ಲಿ ಯಾವತ್ತೋ ಒಂದು ದಿನ ಬನ್ಸು ತಿಂದವನಿಗೂ ಅದರ ಚರಿತ್ರೆಯಲ್ಲಿ ಪಾಲಿದೆ, ತಿಂದ ಬನ್ಸಿನ ನೆನಪಿಗಿಂತ ಆ ಹೋಟೆಲು ಯಾಕೆ ಮುಳುಗಿತೆಂಬ ವಿವರ ಅವನಿಗೆ ಹೆಚ್ಚು ಖಚಿತವಾಗಿ ಗೊತ್ತಿದೆ. ಇನ್ನು ಕಟ್ಟಡವೋ, ತನ್ನ ಪರವಾಗಿ ಒಂದು ಮಾತೂ ಆಡಲಾರದೆ ತುಂಡುತುಂಡಾಗಿ ಕರಗುತ್ತದೆ. ಮೊದಲು ಹೋಗುವುದು ಮಾಡಿನ ಗಾಜಿನ ಹಂಚು; ಆಮೇಲೆ ಬಾಗಿಲಿನ ಬಿಜಾಗರಿ, ಬಾಗಿಲು, ಹಂಚು, ಹಂಚು ಹೊತ್ತ ಪಕ್ಕಾಸು. ಕಡೆಗೆ ಕೆಂಪುಕಲ್ಲಿನ ಗೋಡೆಗಳು ಉಳಿದು, ಅವೂ ಒಂದೊಂದೇ ಕಲ್ಲಾಗಿ ಎದ್ದು ನಡೆದು ಯಾರದೋ ತೋಟದ ಬೇಲಿ ಸೇರಿಕೊಳ್ಳುತ್ತವೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕಾಪುವಿನ ಶಾಲೆಯೊಂದಕ್ಕೆ ನಾನು ಟೀಚರಾಗಿ ಸೇರಿದೆ. ಹೆದ್ದಾರಿಯ ಮೂಡುಬದಿಯಲ್ಲಿ ವಾಸುದೇವಣ್ಣ ಮತ್ತು ಗಿರಿಜಕ್ಕ ಎಂಬ ದಂಪತಿಯ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ವಾಸುದೇವಣ್ಣ ಊರಿನ ಮದುವೆ ಮುಂಜಿಗಳಿಗೆ ಅಡುಗೆ ಮಾಡುತ್ತಿದ್ದರು. ಒಳ್ಳೆಯ ಕೈ, ಕಡಿಮೆ ಮಾತು. ಗಿರಿಜಕ್ಕ ಆ ಕಡಿಮೆಯನ್ನೆಲ್ಲ ತುಂಬಿಕೊಡುತ್ತಿದ್ದರು. ಮಗಳನ್ನು ಅಜೆಕಾರಿಗೆ ಕೊಟ್ಟಿದ್ದರು. ಅವಳು ವಾರಕ್ಕೊಮ್ಮೆ ಬಂದು ಅಪ್ಪ ಅಮ್ಮನ ನಡುವಿನ ವ್ಯಾಜ್ಯಗಳನ್ನೆಲ್ಲ ವಿಚಾರಿಸಿ, ತೀರ್ಪು ಕೊಟ್ಟು, ಒಂದು ಡಬ್ಬಿ ಉಪ್ಪಿನಕಾಯಿ ಕಟ್ಟಿಸಿಕೊಂಡು ಹೋಗುತ್ತಿದ್ದಳು.

ಹೋದ ಕೆಲವೇ ದಿನಗಳಲ್ಲಿ ಒಂದು ವಿಚಿತ್ರ ನನ್ನ ಗಮನಕ್ಕೆ ಬಂತು. ವಾಸುದೇವಣ್ಣ ಹೆದ್ದಾರಿ ದಾಟಿ ಪಡುವಣಕ್ಕೆ ಹೋಗುತ್ತಿರಲಿಲ್ಲ. ಆ ಬದಿಯ ಮನೆಗಳಿಂದ ಅಡುಗೆಗೆ ಕರೆ ಬಂದರೆ ಬೇರೆ ಭಟ್ಟರ ಹೆಸರು ಹೇಳಿ ಜಾರಿಕೊಳ್ಳುತ್ತಿದ್ದರು. ಅಮಾವಾಸ್ಯೆಯ ಸಮುದ್ರಸ್ನಾನಕ್ಕೆ ಊರೆಲ್ಲ ಕಡಲಿಗೆ ಇಳಿದರೆ ಅವರು ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಸುರಿದುಕೊಳ್ಳುತ್ತಿದ್ದರು. ತಾಯಿಯ ಬೂದಿ ಬಿಡುವುದಕ್ಕೂ, ನಡೆದು ಹೋಗುವಷ್ಟು ಹತ್ತಿರದಲ್ಲಿ ಕಡಲಿದ್ದರೂ, ಬಸ್ಸು ಹತ್ತಿ ಮಲ್ಪೆಗೆ ಹೋಗಿದ್ದರಂತೆ. ಯಾಕೆಂದು ನಾನು ಕೇಳಲಿಲ್ಲ. ಆದರೆ ನನ್ನ ಗೀಳು ನನ್ನನ್ನು ಉತ್ತರದ ಎದುರಿಗೇ ಕರೆದುಕೊಂಡು ಹೋಗಿ ನಿಲ್ಲಿಸಿತು.

ಲೈಟ್‌ಹೌಸಿನಿಂದ ಸ್ವಲ್ಪ ದಕ್ಷಿಣಕ್ಕೆ, ಮರಳು ಮುಗಿದು ತೆಂಗು ಶುರುವಾಗುವಲ್ಲಿ ಆ ಕಟ್ಟಡವಿತ್ತು. ದಾರಿಯ ಬದಿಗೆ ಒಂದೇ ಒಂದು ಸಣ್ಣ ಬಾಗಿಲು, ಅದಕ್ಕೆ ತುಕ್ಕು ಹಿಡಿದ ಬೀಗ. ಬಣ್ಣ ಹೋದ ಬೋರ್ಡಿನಲ್ಲಿ ಹೆಸರಿನ ಒಂದು ಕೊಂಬು, ಒಂದು ಸೊನ್ನೆ ಮಾತ್ರ ಉಳಿದಿದ್ದವು. ಸುತ್ತು ಹಾಕಿ ಕಡಲಿನ ಬದಿಗೆ ಬಂದರೆ ಮಾತ್ರ ಆಶ್ಚರ್ಯ: ಆ ಇಡೀ ಗೋಡೆ ಬರಿಯ ಕಿಟಕಿಗಳು. ದೊಡ್ಡ ದೊಡ್ಡ ಕಿಟಕಿಗಳು, ಮನುಷ್ಯ ಬಗ್ಗದೆ ದಾಟಬಹುದಾದಷ್ಟು. ಒಳಗೆ ಉದ್ದನೆಯ ಸಾಲು ಬೆಂಚುಗಳು, ಮರದವಲ್ಲ, ನೆಲಕ್ಕೆ ಸಿಮೆಂಟು ಹಾಕಿ ಕಟ್ಟಿದವು, ಎಲ್ಲವೂ ಒಂದೇ ದಿಕ್ಕಿಗೆ, ಕಡಲಿಗೆ ಮುಖಮಾಡಿ. ನಾನು ಮೊದಲ ಸಲ ಹೋದದ್ದು ಬೇಸಗೆಯ ಒಂದು ಮಧ್ಯಾಹ್ನ. ಯಾರೂ ಇರಲಿಲ್ಲ. ಮೂಲೆಯಲ್ಲಿ ಒಂದು ಹರಿದ ಮೀನುಬುಟ್ಟಿ ಬಿದ್ದಿತ್ತು. ಒಂದು ಬೆಂಚಿನ ಮೇಲೆ ಕೂತೆ. ಎದುರಿಗೆ ಕಡಲು, ಕಡಲು, ಮತ್ತೂ ಕಡಲು. ಹತ್ತು ನಿಮಿಷ ಕಳೆಯುವುದರೊಳಗೆ, ನಿಜ ಹೇಳುತ್ತೇನೆ, ಹಿಂದಿನ ದಾರಿಯಲ್ಲಿ ಸೈಕಲ್ಲಿನ ಗಂಟೆ ಕೇಳಿದಾಗ ನನ್ನ ಕುತ್ತಿಗೆ ತಾನಾಗಿ ತಿರುಗಿತು.

ಇದು ಯಾರದೆಂದು ಊರಿನಲ್ಲಿ ಕೇಳಿದ್ದೇ ತಡ, ಚರಿತ್ರೆಯ ಪ್ರವಾಹವೇ ಹರಿಯಿತು. ಬಾಗಿಲಿನ ದಿಕ್ಕು ಸರಿಯಿರಲಿಲ್ಲ ಎಂದರು ಒಬ್ಬರು. ಅಡಿಪಾಯದಲ್ಲಿ ನಾಗನ ಜಾಗ ಸಿಕ್ಕಿತ್ತು ಎಂದರು ಇನ್ನೊಬ್ಬರು. ಅಲ್ಲಿಯ ಚಹಾದಲ್ಲಿ ಉಪ್ಪಿನ ರುಚಿ ಬರುತ್ತಿತ್ತು ಎಂದು ಕ್ಷೌರದಂಗಡಿಯವರು ಕತ್ತರಿ ನಿಲ್ಲಿಸಿ ಹೇಳಿದರೆ, ಪಕ್ಕದಲ್ಲಿ ಕಾಯುತ್ತಿದ್ದವರು ಅದನ್ನು ಒಪ್ಪದೆ, ಚಹಾ ಚೆನ್ನಾಗಿಯೇ ಇತ್ತು, ಗಾಳಿಗೆ ಒಲೆ ನಿಲ್ಲುತ್ತಿರಲಿಲ್ಲ ಎಂದರು. ಎಲ್ಲರೂ ಒಮ್ಮತದಿಂದ ಹೇಳಿದ್ದು ಕಟ್ಟಿಸಿದವರ ಹೆಸರು. ಕಿಟಕಿ ವಾಸುದೇವ. ಹೇಳುವಾಗ ಒಂದು ನಗು. ಕೆಟ್ಟ ನಗುವಲ್ಲ, ಚಹಾದ ಜತೆಗೆ ಕಡಿಯಲು ಏನಾದರೂ ಬೇಕಲ್ಲ, ಆ ಬಗೆಯದು. ಆದರೆ ಅದನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದವರ ಮನೆಯಲ್ಲಿ ನಾನು ದಿನವೂ ಊಟ ಮಾಡುತ್ತಿದ್ದೆ. ಆ ಸಂಜೆ ವಾಸುದೇವಣ್ಣ ಎಲೆಗೆ ಸಾರು ಬಡಿಸುವಾಗ ತಲೆಯೆತ್ತಿ ಅವರ ಮುಖ ನೋಡುವುದು ನನಗೆ ಕಷ್ಟವಾಯಿತು.

ನಿಜವಾದ ಕತೆಯನ್ನು ಹೇಳಿದವರು ಗಿರಿಜಕ್ಕ, ಹಿತ್ತಿಲಲ್ಲಿ ಹಲಸಿನ ಬೀಜ ಸುಲಿಯುತ್ತಾ. ವಾಸುದೇವಣ್ಣ ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋದವರು. ಅಲ್ಲಿಯ ಹೋಟೆಲುಗಳಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಭಟ್ಟರಾಗುವವರೆಗೆ ಬೆಳೆದರು. ಕೆಲಸ ಮುಗಿಸಿ ಸಂಜೆ ಕಡಲ ದಂಡೆಗೆ ಹೋದರೆ, ಒಳ್ಳೆಯ ಬಟ್ಟೆ ತೊಟ್ಟ ಜನ ಸಾಲಾಗಿ ಕೂತು, ಮಾಡಲು ಬೇರೇನೂ ಇಲ್ಲದವರ ಹಾಗೆ ಕಡಲು ನೋಡುವುದನ್ನು ಕಂಡು ಬೆರಗಾದರು. ಕಡಲು ಕಾಣುವ ಹೋಟೆಲಿನಲ್ಲಿ ಅದೇ ಚಹಾಕ್ಕೆ ಹೆಚ್ಚು ಬೆಲೆ. ಇದಕ್ಕಿಂತ ಚೆಂದದ ಕಡಲು ನಮ್ಮೂರಿನಲ್ಲಿ ಸುಮ್ಮನೆ ಬಿದ್ದುಕೊಂಡಿದೆಯಲ್ಲ ಎಂಬುದು ಅವರ ತಲೆಗೆ ಹೊಕ್ಕಿತು. ಎಪ್ಪತ್ತರ ದಶಕದಲ್ಲಿ ಊರಿಗೆ ಬಂದು, ದುಡಿದದ್ದನ್ನೆಲ್ಲ ಸುರಿದು ಹೋಟೆಲು ಕಟ್ಟಿದರು.

ಜನ ಬಂದರು, ತಿಂದರು, ಹೊಗಳಿದರು. ಕುರ್ಚಿಯನ್ನು ಮಾತ್ರ ತಿರುಗಿಸಿಕೊಂಡು ಕೂತರು, ಕಡಲಿಗೆ ಬೆನ್ನು ಹಾಕಿ, ದಾರಿಯ ಬದಿಯ ಆ ಒಂದು ಸಣ್ಣ ಬಾಗಿಲಿನತ್ತ ಮುಖಮಾಡಿ. ದಿನಾ ಸಂಜೆ ವಾಸುದೇವಣ್ಣ ಕುರ್ಚಿಗಳನ್ನು ಕಡಲಿನ ಕಡೆಗೆ ತಿರುಗಿಸಿ ಇಡುವುದು, ದಿನಾ ಬೆಳಿಗ್ಗೆ ಗಿರಾಕಿಗಳು ಈ ಕಡೆಗೆ ತಿರುಗಿಸಿಕೊಳ್ಳುವುದು ನಡೆಯಿತು. ಕಡೆಗೊಂದು ದಿನ ಅವರಿಗೆ ಛಲ ಬಂತು. ಕುರ್ಚಿಗಳನ್ನೆಲ್ಲ ತೆಗೆಸಿ, ಮೇಸ್ತ್ರಿಯನ್ನು ಕರೆಸಿ, ಅಲ್ಲಾಡಿಸಲಾಗದ ಸಿಮೆಂಟಿನ ಬೆಂಚು ಕಟ್ಟಿಸಿದರು. ಒಮ್ಮೆ ಕೂತರೆ ಗೊತ್ತಾಗುತ್ತದೆ, ಕಡಲು ಎಷ್ಟು ಚೆಂದವೆಂದು ಅವರಿಗೇ ಗೊತ್ತಾಗುತ್ತದೆ ಎಂದು ಗಿರಿಜಕ್ಕನಿಗೆ ಹೇಳಿದ್ದರಂತೆ. ಗಿರಾಕಿಗಳು ಕೆಲವು ದಿನ ಮೇಜಿನ ಮೇಲೆ ಹತ್ತಿ ಕೂತು ಬಾಗಿಲಿನತ್ತ ನೋಡುತ್ತಾ ಚಹಾ ಕುಡಿದರು. ಆಮೇಲೆ ಹೆದ್ದಾರಿಯ ಪಕ್ಕದ ಗೂಡಂಗಡಿಗೆ ಹೋದರು. ಅಲ್ಲಿ ಚಹಾ ಸುಮಾರಾಗಿದ್ದರೂ ಬಸ್ಸಿನಿಂದ ಇಳಿಯುವವರೆಲ್ಲ ಕಾಣುತ್ತಿದ್ದರು.

ನೀವು ನಗುತ್ತಿದ್ದೀರಿ, ನಾನೂ ನಕ್ಕೆ. ಗಿರಿಜಕ್ಕನೂ ಬೀಜ ಸುಲಿಯುವುದು ಬಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆ ನೀರನ್ನು ಒರೆಸಿಕೊಳ್ಳುವಾಗ ನಗು ಎಲ್ಲಿಯೋ ನಿಂತುಹೋಗಿತ್ತು.

ಕಡಲಿಗೂ ನಮಗೂ ಇರುವ ಸಂಬಂಧವನ್ನು ಆಮೇಲೆ ನಾನು ಬಹಳ ಯೋಚಿಸಿದ್ದೇನೆ. ಕಡಲು ನಮಗೆ ಹೊತ್ತುಹೊತ್ತಿಗೂ ಗೊತ್ತಿರುತ್ತದೆ; ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರೂ ಇವತ್ತು ಅದರ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ, ಮಳೆ ಹತ್ತಿರವೋ ದೂರವೋ ಎಂದು ಕಿವಿಗೆ ತಿಳಿಯುತ್ತದೆ. ಮೀನಿಗೆ ಅಲ್ಲಿಗೆ ಹೋಗುತ್ತೇವೆ, ಪುಣ್ಯಕ್ಕೆ ಹೋಗುತ್ತೇವೆ, ಸತ್ತವರನ್ನು ಕಳಿಸಿಕೊಡಲು ಹೋಗುತ್ತೇವೆ. ಕೆಲಸವಿಲ್ಲದೆ ಹೋಗಿ ಅದರ ಮುಖ ನೋಡುತ್ತಾ ಕೂರುವುದು ಮಾತ್ರ ನಮಗೆ ಕೂಡಿಬರುವುದಿಲ್ಲ. ಕಾಪುವಿನ ದಂಡೆಯಲ್ಲಿ ಒಂಟಿಯಾಗಿ ಕೂತು ಕಡಲು ನೋಡಿದ ಒಂದು ಸಂಜೆ ನನ್ನ ಬಳಿಗೆ ಇಬ್ಬರು ಹೆಂಗಸರು ಬೇರೆ ಬೇರೆಯಾಗಿ ಬಂದು, ಎಂತ ಆಯ್ತು ಟೀಚರೇ, ಮನೆಯಲ್ಲಿ ಎಲ್ಲ ಸರಿ ಉಂಟಲ್ವಾ ಎಂದು ವಿಚಾರಿಸಿ ಹೋದರು.

ಆದರೆ ಕಾಲವೆಂಬುದು ಚೇಷ್ಟೆ ಮಾಡುವುದರಲ್ಲಿ ನಮ್ಮ ಊರಿನವರಿಗಿಂತ ಒಂದು ಕೈ ಮೇಲು. ನಾನು ಕಾಪುವಿಗೆ ಬಂದ ವರ್ಷಗಳಲ್ಲೇ, ಮಣಿಪಾಲದಲ್ಲಿ ಓದಲು ಬಂದ ದೂರದೂರಿನ ಹುಡುಗ ಹುಡುಗಿಯರು ಭಾನುವಾರಗಳಲ್ಲಿ ಗುಂಪಾಗಿ ದಂಡೆಗೆ ಬರತೊಡಗಿದ್ದರು. ಒಮ್ಮೆ ಒಂದು ಗುಂಪು ನನ್ನನ್ನೇ ತಡೆದು, ಕಡಲು ನೋಡುತ್ತಾ ಚಹಾ ಕುಡಿಯುವಂಥ ಜಾಗ ಇಲ್ಲೆಲ್ಲಿದೆ ಎಂದು ಕೇಳಿತು. ಅವರ ಬೆನ್ನ ಹಿಂದೆಯೇ ಆ ಕಿಟಕಿಗಳು ನಿಂತಿದ್ದವು. ಮನೆಗೆ ಬಂದು ಗಿರಿಜಕ್ಕನಿಗೆ ಹೇಳಿದೆ. ಅವರು ಒಳಗೆ ಮಲಗಿದ್ದ ಗಂಡನ ಕಡೆಗೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ, "ಇದು ಅವರಿಗೆ ಗೊತ್ತಾಗುವುದು ಬೇಡ ಟೀಚರೇ" ಎಂದರು. ಸೋತದ್ದಕ್ಕಿಂತ ಸ್ವಲ್ಪದರಲ್ಲಿ ಸೋತದ್ದು ಹೆಚ್ಚು ನೋಯುತ್ತದೆಂಬುದು ಅವರಿಗೆ ತಿಳಿದಿತ್ತು.

ಒಂದು ವರ್ಷ ತುಳುವರ ಸೋಣ ತಿಂಗಳಲ್ಲಿ, ಮಳೆ ತೆಳುವಾಗುತ್ತಿದ್ದ ಹೊತ್ತಿಗೆ, ಹಳೆಯ ಮರ ಹಂಚುಗಳ ವ್ಯಾಪಾರಿ ಹಸನಬ್ಬ ಮನೆಗೆ ಬಂದರು. ಸಜ್ಜನರು, ನಿಧಾನದ ಮಾತಿನವರು. ಆ ಕಟ್ಟಡದ ಮಾಡಿನ ಮರ ಇನ್ನೂ ಗಟ್ಟಿಯಿದೆ, ಕೊಡುವುದಾದರೆ ಬಿಚ್ಚಿಕೊಂಡು ಹೋಗುತ್ತೇನೆ ಎಂದರು. ವಾಸುದೇವಣ್ಣ ಬೆಲೆಯನ್ನೂ ಸರಿಯಾಗಿ ಕೇಳದೆ ಒಪ್ಪಿಬಿಟ್ಟರು. ಕೀ ಮಾತ್ರ ಗಿರಿಜಕ್ಕನ ಸೆರಗಿನ ಗಂಟಿನಲ್ಲಿತ್ತು, ಆ ಗಂಟು ಬಿಚ್ಚಲು ಅವರು ಸಿದ್ಧರಿರಲಿಲ್ಲ.

"ಬೀಗ ಹಾಕಿದ್ದು ನೀವು. ತೆಗೆಯುವುದೂ ನೀವೇ" ಎಂದರು. "ಒಮ್ಮೆ ಬಂದು ನೋಡಿ, ಆಮೇಲೆ ಯಾರಿಗೆ ಬೇಕಾದರೂ ಕೊಡಿ. ನೀವು ಊರಿಗೆ ಹೆದರಿಕೊಂಡು ಅದನ್ನು ಕೆಡಹುವುದು ನನಗೆ ಬೇಡ."

ವಾಸುದೇವಣ್ಣ ಎದ್ದು ಬಾವಿಕಟ್ಟೆಗೆ ಹೋದರು. ಆವತ್ತಿನಿಂದ ಗಂಡ ಹೆಂಡತಿ ಪಲ್ಯ ಬೇಕೋ ಬೇಡವೋ ಎಂಬುದನ್ನೂ ನನ್ನ ಮುಖಾಂತರವೇ ಕೇಳುವಂತಾಯಿತು. ಮರದ ಬೆಲೆಯ ಬಗ್ಗೆ ಗಿರಿಜಕ್ಕನಿಗೆ ಚಿಂತೆಯಿರಲಿಲ್ಲ. ತಪ್ಪೇ ಮಾಡದವರೊಬ್ಬರು ತಪ್ಪು ಮಾಡಿದವರ ಹಾಗೆ ಅರ್ಧ ಊರನ್ನು ಬಿಟ್ಟು ಬದುಕಿದ್ದನ್ನು ಆಕೆ ಇಷ್ಟು ವರ್ಷ ಪಕ್ಕದಲ್ಲೇ ನಿಂತು ನೋಡಿದ್ದರು. ಈಗ ಆ ಕಟ್ಟಡವೂ ಹೋದರೆ ಗಂಡ ಇನ್ನು ಯಾವತ್ತೂ ಆ ದಾರಿ ತುಳಿಯುವುದಿಲ್ಲ, ನಾಚಿಕೆಯನ್ನು ಹೊತ್ತುಕೊಂಡೇ ಹೋಗುತ್ತಾರೆ ಎಂಬುದು ಅವರ ಭಯ. ಅಜೆಕಾರಿನಿಂದ ಮಗಳು ಬಂದಳು, ಎರಡೂ ಕಡೆಯ ವಾದ ಕೇಳಿದಳು, ಅಪ್ಪ ಹೋಗತಕ್ಕದ್ದು ಎಂದು ತೀರ್ಪಿತ್ತಳು. ಟೀಚರ್ ಜತೆಗೆ ಬರುವುದಾದರೆ ಹೋಗುತ್ತೇನೆ ಎಂದರು ವಾಸುದೇವಣ್ಣ. ಶಾಲೆಯ ಟೀಚರು ಪಕ್ಕದಲ್ಲಿದ್ದರೆ ಯಾರೂ ಆ ಹೆಸರು ಹಿಡಿದು ಕರೆಯಲಾರರು ಎಂಬ ಲೆಕ್ಕವಿದ್ದಿರಬೇಕು. ಇಷ್ಟು ವರ್ಷಗಳ ಪಾಠ ಹೇಳಿಕೆಯಲ್ಲಿ ನನಗೆ ಸಿಕ್ಕಿದ ಮರ್ಯಾದೆಗಳಲ್ಲಿ ಅದನ್ನು ನಾನು ಮೊದಲಿಗೆ ಇಟ್ಟುಕೊಂಡಿದ್ದೇನೆ.

ಭಾನುವಾರ ಮಧ್ಯಾಹ್ನ ವಾಸುದೇವಣ್ಣ, ಗಿರಿಜಕ್ಕ, ನಾನು ಮೂವರೂ ಹೊರಟೆವು. ಮಳೆಯಿರಲಿಲ್ಲ, ಗಾಳಿ ಜೋರಾಗಿತ್ತು. ಹೆದ್ದಾರಿಯ ಅಂಚಿನಲ್ಲಿ ವಾಸುದೇವಣ್ಣ ನಿಂತರು. ಬಸ್ಸುಗಳೆಲ್ಲ ಹೋಗಿ ರಸ್ತೆ ಪೂರ್ತಿ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಪಂಚೆಯ ತುದಿ ಹಿಡಿದುಕೊಂಡು, ಹೊಳೆ ದಾಟುವವರ ಹಾಗೆ ದಾಟಿದರು. ಗೂಡಂಗಡಿಯ ಬೆಂಚಿನಲ್ಲಿ ಕೂತಿದ್ದವರು ಮಾತು ನಿಲ್ಲಿಸಿ ನೋಡಿದರು, ಒಬ್ಬರು ಎದ್ದು ನಮಸ್ಕಾರ ಎಂದರು. ವಾಸುದೇವಣ್ಣ ತಲೆಯಾಡಿಸಿ ಮುಂದೆ ನಡೆದರು.

ಕಟ್ಟಡದ ಎದುರು ಹಸನಬ್ಬ ಕೊಡೆ ಮಡಚಿಕೊಂಡು ಕಾಯುತ್ತಿದ್ದರು. ಗಿರಿಜಕ್ಕ ಗಂಟು ಬಿಚ್ಚಿ ಕೀ ಕೊಟ್ಟರು. ಬೀಗ ಕೀಯನ್ನು ಗುರುತಿಸಲಿಲ್ಲ. ಎಷ್ಟು ತಿರುಗಿಸಿದರೂ ಜಪ್ಪಯ್ಯ ಅನ್ನಲಿಲ್ಲ. ಆಗ ಒಳಗಿನಿಂದಲೇ ಒಂದು ಹೆಣ್ಣು ದನಿ, ಅದು ತೆರೆಯುವುದಿಲ್ಲ, ಆಚೆಯಿಂದ ಬನ್ನಿ ಎಂದು ತುಳುವಿನಲ್ಲಿ ಕೂಗಿ ಹೇಳಿತು. ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುತ್ತುಹಾಕಿ ಬಂದೆವು.

ಒಳಗೆ ಬೆಂಚುಗಳು ತುಂಬಿದ್ದವು. ಮೀನುಗಾರ ಮೊಗವೀರ ಹೆಂಗಸರು, ಬುಟ್ಟಿಗಳನ್ನು ಕಾಲ ಬುಡದಲ್ಲಿ ಇಟ್ಟುಕೊಂಡು, ಸೆರಗನ್ನು ತಲೆಗೆ ಸುತ್ತಿಕೊಂಡು, ಸಾಲುಸಾಲಾಗಿ ಕೂತಿದ್ದರು. ಮಳೆಗಾಲದ ಕಡಲು ಸ್ವಲ್ಪ ತಣ್ಣಗಾಯಿತೆಂದು ಬೆಳಿಗ್ಗೆ ನಾಡದೋಣಿಗಳು ಹೋಗಿದ್ದವು, ಮಧ್ಯಾಹ್ನಕ್ಕೆ ಗಾಳಿ ಎದ್ದಿತ್ತು. ಕೆಲವು ಮರಳಿದ್ದವು, ಕೆಲವು ಮರಳಬೇಕಿತ್ತು. ಆ ಸಂಜೆ ಎಲ್ಲ ದೋಣಿಗಳೂ ಬಂದವು, ಅದನ್ನು ಈಗಲೇ ಹೇಳಿಬಿಡುತ್ತೇನೆ, ನಿಮ್ಮ ಮನಸ್ಸು ಅಲ್ಲಿ ಸಿಕ್ಕಿಕೊಳ್ಳುವುದು ಬೇಡ. ಆದರೆ ಆ ಗಳಿಗೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಮಾತಿಲ್ಲ, ಹರಟೆಯಿಲ್ಲ. ಅಷ್ಟೂ ಜನರಲ್ಲಿ ಒಬ್ಬರಾದರೂ ದಾರಿಯ ಕಡೆಗೆ ತಿರುಗಿರಲಿಲ್ಲ. ನಾವು ಒಳಗೆ ಬಂದಾಗಲೂ ಹೆಚ್ಚಿನವರು ಕತ್ತು ತಿರುಗಿಸಲಿಲ್ಲ, ಅವರ ಕಣ್ಣೆಲ್ಲ ಕಿಟಕಿಗಳ ಆಚೆಗಿತ್ತು.

ವಾಸುದೇವಣ್ಣ ಕಂಬಕ್ಕೆ ಕೈ ಕೊಟ್ಟು ನಿಂತುಬಿಟ್ಟರು. ಹತ್ತಿರದ ಬೆಂಚಿನಲ್ಲಿದ್ದ ಎಳೆಯ ಹೆಂಗಸೊಬ್ಬಳು, ಹೊಸದಾಗಿ ಮದುವೆಯಾಗಿ ಬಂದವಳಿರಬೇಕು, ಅವರ ಮುಖ ನೋಡಿ ತನ್ನ ಬುಟ್ಟಿಯನ್ನು ಸರಿಸಿ ಜಾಗ ಮಾಡಿಕೊಟ್ಟಳು.

"ನಿಮ್ಮವರು ಯಾವ ದೋಣಿಯಲ್ಲಿ ಹೋದದ್ದು?" ಎಂದು ಮೆಲ್ಲಗೆ ಕೇಳಿದಳು.

"ನಮ್ಮವರು ಯಾರೂ ಹೋಗಿಲ್ಲ ಮಗಾ" ಎಂದರು ವಾಸುದೇವಣ್ಣ. ಬೆಂಚಿನ ಅಂಚು ಮುಟ್ಟಿ, "ಸುಮ್ಮನೆ ಕಡಲು ನೋಡ್ಲಿಕ್ಕೆ ಬಂದದ್ದು" ಎಂದರು.

ನಗುತ್ತಾಳೇನೋ ಎಂದು ಹೆದರಿದೆ. ಅವಳು ನಗಲಿಲ್ಲ. ಆ ತುದಿಯಿಂದ ವಯಸ್ಸಾದ ಹೆಂಗಸೊಬ್ಬರು ಮಾತ್ರ ಒಮ್ಮೆ ತಿರುಗಿ, ಕಣ್ಣು ಕಿರಿದು ಮಾಡಿ ನೋಡಿ, ಗುರುತು ಹಿಡಿದರು. ಆ ಹೆಸರು ಈಗ ಬಂತು ಎಂದುಕೊಂಡೆ. ಗಿರಿಜಕ್ಕ ನನ್ನ ಕೈ ಹಿಡಿದುಕೊಂಡಿದ್ದರು.

"ಕೂತ್ಕೊಳ್ಳಿ ಅಣ್ಣ" ಎಂದರು ಆ ವಯಸ್ಸಾದ ಹೆಂಗಸು. "ನೀವು ಈ ಬೆಂಚು ಮಾಡಿಸಿದ್ದು ದೊಡ್ಡ ಉಪಕಾರ ಆಯ್ತು. ಮೊದಲೆಲ್ಲ ನಾವು ಮಳೆಯಲ್ಲಿ ನಿಂತುಕೊಂಡೇ ಕಾಯುವುದಿತ್ತು."

ಅಷ್ಟು ಹೇಳಿ ಅವರು ಮತ್ತೆ ಕಡಲಿನ ಕಡೆಗೆ ತಿರುಗಿದರು. ವಾಸುದೇವಣ್ಣ ಕೂತರು. ಆಗ ಗಿರಿಜಕ್ಕ ನನ್ನ ಕಿವಿಯಲ್ಲಿ ಹೇಳಿದರು. ಹೋಟೆಲು ನಡೆದ ಅಷ್ಟು ಕಾಲವೂ ಗಂಡ ಒಳಗೆ ಒಲೆಯ ಮುಂದೆಯೇ ಇರುತ್ತಿದ್ದರಂತೆ. ತಾವೇ ಕಟ್ಟಿಸಿದ ಬೆಂಚಿನಲ್ಲಿ ಅವರು ಕೂತದ್ದನ್ನು ಆಕೆ ನೋಡುತ್ತಿದ್ದುದು ಇದೇ ಮೊದಲು. ಕೈಗಳನ್ನು ಮಂಡಿಯ ಮೇಲಿಟ್ಟು, ಉಪ್ಪುಗಾಳಿಗೆ ಕಣ್ಣು ಕಿರಿದಾಗಿಸಿ, ಆ ಹೆಂಗಸರ ನಡುವೆ ಒಬ್ಬರಾಗಿ ಅವರೂ ನೋಡುತ್ತಿದ್ದರು. ನಾನು ಅವರ ಬಗ್ಗೆ ಎಷ್ಟು ಮರುಕಪಟ್ಟಿದ್ದೆನೋ ಅಷ್ಟೂ ಆಗ ಪ್ರೀತಿಯಾಯಿತು.

ಹಸನಬ್ಬ ಆಮೇಲೆ ಹಿಂದಿನಿಂದ ಬಂದು, ಬಗ್ಗಿ, ಆ ಜಾಗದ ಮೌನ ಕೆಡದಷ್ಟು ಮೆಲ್ಲಗೆ, ನಾಳೆಯಿಂದ ಹಂಚು ಇಳಿಸಲು ಆಳು ಕಳಿಸಬಹುದೇ ಎಂದು ಕೇಳಿದರು.

ವಾಸುದೇವಣ್ಣ ಕಡಲಿನಿಂದ ಕಣ್ಣು ತೆಗೆಯಲಿಲ್ಲ.

"ಗಿರಾಕಿ ಕೂತಿರುವಾಗ ಹೋಟೆಲು ಮುಚ್ಚುವ ಕ್ರಮ ಇಲ್ಲ ಮಾರಾಯ" ಎಂದರು.